ಕರೆಂಟು ಕುಡಿಯದ ಫ್ರಿಜ್ಜು

"ಅಣ್ಣಾ, ಮಧುಗಿರಿ ಕುಲ್ಫಿ ತಿನ್ಬೇಕು ಅನ್ನಿಸ್ತೈತೆ" ಎಂದು ಏಳು ತಿಂಗಳ ಬಸುರಿ ಶಿವಲಕ್ಷ್ಮಿ ಫೋನಿನಲ್ಲಿ ಅಂದದ್ದೇ ಎಲ್ಲಕ್ಕೂ ಮೂಲ. ಅವಳು ಕೇಳಿದ್ದು ಒಂದು. ಅವಳಣ್ಣ ತಿಪ್ಪೇರುದ್ರ ಒಪ್ಪಿಕೊಂಡದ್ದು ನೂರು. ಸೀಮಂತಕ್ಕೆ ಬಂದವರಿಗೆಲ್ಲ!

ಅವಳ ಮಾವ ಗಂಗಹನುಮಯ್ಯ ಫೋನು ಇಸಿದುಕೊಂಡು ನಕ್ಕರು. "ಏಮಪ್ಪಾ ರುದ್ರಪ್ಪಾ, ರಾಯಚರ್ಲು ಅಂದ್ರೆ ಬಿಸಿಲು ಬೆಳೆಯೋ ಊರು. ಎತ್ತ ನೋಡಿದ್ರೂ ಸೋಲಾರ್ ತಗಡು. ಇಲ್ಲಿಗೆ ಕುಲ್ಫಿ ತರ್ತೀಯಾ?"

"ಕಲ್ಲಿನಂಗೆ ತರ್ಲಿಲ್ಲ ಅಂದ್ರೆ ಕೇಳಿ ಬೀಗ್ರೇ!"

ಮಿಕ್ಸಿ ರಿಪೇರಿ ಮಾಡುವ ತಿಪ್ಪೇರುದ್ರನ ಈ ಧೈರ್ಯಕ್ಕೆ ಕಾರಣವಿತ್ತು. ಹಳೆಯ ಸ್ಕೂಲ್ ವ್ಯಾನು ಕೊಂಡು, ಮಂಚ, ಒಲೆ ಇಟ್ಟು, ಅದನ್ನು ಓಡಾಡುವ ಮನೆ ಮಾಡಿದ್ದ. ಅಡುಗೆಮನೆಯ ಎರಡು ಬಾಗಿಲ ಫ್ರಿಜ್ಜನ್ನೇ ಅದರೊಳಗೆ ಹೊತ್ತು ತಂದು, ನಾಲ್ಕು ಲಾರಿ ಬ್ಯಾಟರಿಗೂ ಒಂದು ಇನ್ವರ್ಟರಿಗೂ ಜೋಡಿಸಿದ್ದ. ಬ್ಯಾಟರಿಯಲ್ಲಿ ನೂರಕ್ಕೆ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರು ಸ್ಟೇರಿಂಗ್ ಪಕ್ಕದಲ್ಲೇ ಇತ್ತು.

ಸೀಮಂತದ ಬೆಳಿಗ್ಗೆ ಎಂಟಕ್ಕೆ ಕುಲ್ಫಿ ತುಂಬಿ, ಹಂಪು ಹಾರುವಾಗ ಬಾಗಿಲು ತೆರೆಯದಂತೆ ಫ್ರಿಜ್ಜಿಗೆ ಹಗ್ಗ ಬಿಗಿದ. ಅವನ ತಾಯಿ ಕಾಟಮ್ಮ ಫ್ರಿಜ್ಜಿನ ಪಕ್ಕ ಕೂತಳು. ಪಕ್ಕದ ಮನೆಯ ಮಹಾಲಿಂಗಯ್ಯ ಯಾರೂ ಕರೆಯದೆ ಮುಂದಿನ ಸೀಟು ಹತ್ತಿದರು. ಅವರು ನಿವೃತ್ತ ಲೈನ್‌ಮನ್.

"ದಾರೀಲಿ ಮಿಡಿಗೇಶಿ ಬರೋಷ್ಟ್ರಲ್ಲೇ ಬ್ಯಾಟ್ರಿ ಖಾಲಿ ಕಣ್ಲಾ. ಮೂವತ್ತು ವರ್ಷ ಕಂಬ ಹತ್ದೋನು ನಾನು. ಫ್ರಿಜ್ಜು ಅಂದ್ರೆ ಕುಡುಕ ಇದ್ದಂಗೆ. ನೋಡು, ಆಗ್ಲೇ ತೊಂಬತ್ತಾರು!"

"ಖಾಲಿಯಾಗೋಕೆ ಮುಂಚೇನೇ ಕುಲ್ಫಿ ಗಟ್ಟಿ ಮಾಡ್ಕೊಳ್ಳಾನ ಬುಡಿ" ಎಂದ ತಿಪ್ಪೇರುದ್ರ ವ್ಯಾನು ಚಾಲೂ ಮಾಡಿ, ಆ ಗದ್ದಲದಲ್ಲೇ ಹಿಂದಕ್ಕೆ ಕೂಗಿದ. "ಅವ್ವಾ, ಫ್ರಿಜ್ಜು ದೊಡ್ದು ಮಾಡು!"

"ಈಗ್ಲೇನಾ?"

"ಈಗ್ಲೇ!"

"ಒಳ್ಳೆ ಕಾರ್ಯಕ್ಕೆ ಹೊಂಟಾಗ..."

"ಮಾಡವ್ವಾ ಅಂದ್ರೆ!"

"ಆತಪ್ಪಾ, ಮಾಡ್ದೆ."

ಊರು ದಾಟಿದರೂ ಮೀಟರು ತೊಂಬತ್ತಾರು. ಮಿಡಿಗೇಶಿಯ ಹತ್ತಿರ ರೇಡಿಯೇಟರು ಕುದಿದು ಹಬೆಯೆದ್ದಿತು. ಮೆಕ್ಯಾನಿಕ್ ಬಂದು ಸರಿಮಾಡುವಷ್ಟರಲ್ಲಿ ಎರಡೂವರೆ ತಾಸು ಹೋಯಿತು. ಮೀಟರು ಮಾತ್ರ ತೊಂಬತ್ತಾರು! ಮಹಾಲಿಂಗಯ್ಯ ಅದನ್ನು ಬೆರಳಲ್ಲಿ ತಟ್ಟಿದರು, ಹಾವಾಡಿಗ ಬುಟ್ಟಿ ತಟ್ಟುವ ಹಾಗೆ.

"ಮೀಟ್ರು ಕೆಟ್ಟೈತೆ ಕಣ್ಲಾ."

ಪರೀಕ್ಷೆಗೆಂದು ಇನ್ವರ್ಟರಿಗೆ ಕರೆಂಟ್ ಕೆಟಲು ಸಿಕ್ಕಿಸಿ ಟೀಗೆ ನೀರಿಟ್ಟರು. ಮೀಟರು ತೊಂಬತ್ನಾಲ್ಕಕ್ಕೆ ಇಳಿಯಿತು. ಕೆಟಲ್ ತೆಗೆದರು. ಅಲ್ಲೇ ನಿಂತಿತು. ಮೀಟರು ಸರಿಯಾಗಿಯೇ ಇತ್ತು!

ತಿಪ್ಪೇರುದ್ರ ರಸ್ತೆಯಲ್ಲೇ ಕುಣಿದ. "ಈ ಫ್ರಿಜ್ಜು ಕರೆಂಟೇ ಕುಡಿಯಲ್ಲ ಮಾವ!"

"ಸದ್ದೂ ಇಲ್ವಲ್ಲೋ" ಎಂದರು ಮಹಾಲಿಂಗಯ್ಯ ಬೆರಗಾಗಿ. "ಇಂಥದ್ದು ನಾನು ಕಂಡೇ ಇಲ್ಲ ಬುಡು."

"ಒಳ್ಳೆ ವೈರಿಂಗು ಮಾಡಿದ್ರೆ ಸದ್ದು ಯಾಕ್ ಬರ್ತದೆ?"

ರಸ್ತೆ ಬದಿಯ ಟೀ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ಬ್ಯಾಟರಿ ತೋರಿಸಿದ. "ಒಂದ್ಸಲ ತೆಗೆದು ತೋರ್ಸಣ್ಣ" ಎಂದು ಒಬ್ಬ ಫ್ರಿಜ್ಜಿನ ಹಗ್ಗಕ್ಕೆ ಕೈಹಾಕಿದಾಗ, "ತಂಪು ಓಡೋಗ್ತದೆ!" ಎಂದು ಕೈಗೆ ಹೊಡೆದ. ಆಮೇಲೆ ಬೀಗರಿಗೆ ಫೋನು ಮಾಡಿದ.

"ಬೀಗ್ರೇ, ಪಾಯಸ ಮಾಡಿಸ್ಬ್ಯಾಡಿ!"

"ಒಲೆ ಮೇಲೆ ಹಾಲು ಇಟ್ಟುಬುಟ್ಟವ್ರಲ್ಲಪ್ಪಾ."

"ಇಳಿಸಿ! ಕಲ್ಲಿನಂಥ ಕುಲ್ಫಿ ಬತ್ತಾ ಐತೆ!"

ರಾಯಚರ್ಲು ತಲುಪಿದಾಗ ಒಂದೂವರೆ. ಸೋಲಾರ್ ತಗಡುಗಳ ಮೇಲೆ ಬಿಸಿಲು ಕಾದ ಹೆಂಚಿನ ಹಾಗೆ ಮಿನುಗುತ್ತಿತ್ತು. ಊಟಕ್ಕೆ ಕೂತಿದ್ದವರು ಎಲೆ ಬಿಟ್ಟು ಎದ್ದು ಬಂದರು. ಹಸಿರು ಬಳೆ ತೊಟ್ಟ ಶಿವಲಕ್ಷ್ಮಿ ಎಲ್ಲರಿಗಿಂತ ಮುಂದೆ ಬಂದು ಕೈ ಚಾಚಿದಳು. ಗಂಗಹನುಮಯ್ಯ ಹೊಸ ಪಂಚೆಯುಟ್ಟು ವ್ಯಾನಿನ ಬಾಗಿಲಲ್ಲಿ ಫ್ರಿಜ್ಜಿಗೆ ಎದುರಾಗಿ ನಿಂತರು.

"ನೋಡಿ ಬೀಗ್ರೇ!" ತಿಪ್ಪೇರುದ್ರ ಹಗ್ಗ ಬಿಚ್ಚಿ ಮೇಲಿನ ಬಾಗಿಲು ಎಳೆದ.

ನೂರು ಕುಲ್ಫಿಯ ಬಾದಾಮಿ ಹಾಲು ಗಂಗಹನುಮಯ್ಯನವರ ಪಂಚೆಯ ಮೇಲೆ ಸುರಿಯಿತು. ಹಿಂದೆಯೇ ಕಡ್ಡಿಗಳು ಬಂದವು.

"ಅವ್ವಾ! ದೊಡ್ದು ಮಾಡು ಅಂದಿದ್ನಲ್ಲಾ!"

"ಅವಾಗ್ಲೇ ಮಾಡಿದ್ನಲ್ಲೋ! ಸ್ವಿಚ್ಚು ಒತ್ತಿ ಪೂರಾ ದೊಡ್ದು ಮಾಡ್ಬುಟ್ಟೆ" ಎಂದಳು ಕಾಟಮ್ಮ. "ದೀಪ ಆರ್ಸು ಅಂತ ಯಾರಾನಾ ಅಂತಾರೇನ್ಲಾ? ದೊಡ್ದು ಮಾಡು ಅಂತಾನೇ ಅನ್ನಾದು. ನನ್ ಮಗ ಈಗ್ಲಾದ್ರೂ ಹಿರೀಕರ ಮಾತು ಕಲ್ತ ಅಂತ ದಾರಿಯುದ್ದಕ್ಕೂ ಖುಷಿಯಾಗಿದ್ದೆ."

ಶಿವಲಕ್ಷ್ಮಿಯ ಕಣ್ಣು ತುಂಬಿತು. "ಅಣ್ಣಾ, ಪಾಯಸಾನೂ ಇಲ್ವಲ್ಲಣ್ಣಾ!"

"ಅದಕ್ಯಾಕೆ ಅಳ್ತೀಯೇ ಮಗಳೇ? ತಡಿ, ಚಿಕ್ಕದು ಮಾಡ್ತೀನಿ" ಎಂದ ಕಾಟಮ್ಮ ಸ್ವಿಚ್ಚು ಒತ್ತಿದಳು.

ಖಾಲಿ ಫ್ರಿಜ್ಜು ಗುರ್ ಎಂದು ಎದ್ದಿತು.

ಮುಂದಿನ ಸೀಟಿನಿಂದ ಮಹಾಲಿಂಗಯ್ಯ ಸಂಭ್ರಮದಿಂದ ಕೂಗಿದರು. "ಲೇ ರುದ್ರ, ಕುಡಿಯೋಕೆ ಶುರು ಮಾಡ್ತು ಕಣ್ಲಾ! ತೊಂಬತ್ಮೂರು!"