ಬರೂ ವರ್ಷದ ಮಾಡೆಲ್ಲು

ಹೊಸ ಹೊಸ ಯಂತ್ರಗಳ ವಿಷಯದಲ್ಲಿ ನಮ್ಮ ಕಾಕಾನಷ್ಟು ತಿಳಿದವರು ಇಡೀ ಹುನಗುಂದ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಅದೇ ತಾಲೂಕಿನಲ್ಲಿ ಒಂದೂ ಯಂತ್ರವಿಲ್ಲದ ಮನೆಯನ್ನು ಹುಡುಕುತ್ತ ಹೊರಟಿದ್ದರೆ ನೀವು ಬಂದು ನಿಲ್ಲುತ್ತಿದ್ದುದು ಅವನ ಬಾಗಿಲಿಗೇ! ರೇಡಿಯೋ ಇಲ್ಲ, ಸ್ಟೋವ್ ಇಲ್ಲ, ಗೋಡೆಗೊಂದು ಗಡಿಯಾರವೂ ಇಲ್ಲ. ಬಡತನವೇ ಎಂದರೆ ಅದೂ ಅಲ್ಲ. ಜಿಪುಣತನವೇ? ಛೆ, ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದ ಮನುಷ್ಯನಲ್ಲ. ಅಂಗಡಿಗೆ ಬಂದ ಯಂತ್ರ ಅವನ ಕಣ್ಣಿಗೆ ಆಗಲೇ ಹಳೆಯದು, ಅಷ್ಟೇ. ಅವನ ಜೀವವೆಲ್ಲ ಇನ್ನೂ ಅಂಗಡಿಗೆ ಬಾರದ ಯಂತ್ರದ ಮೇಲಿರುತ್ತಿತ್ತು.

ಅವನು, ಇವನು ಎನ್ನುತ್ತಿದ್ದೇನೆಂದು ಹುಬ್ಬೇರಿಸಬೇಡಿ. ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ, ‘ಯಾಕಲೇ, ನನ್ನ ಮ್ಯಾಲೆ ಸಿಟ್ಟಾಗಿಯೇನು?’ ಎಂದು ಕೇಳುತ್ತಾನೆ.

ಕಾಕಾನದು ಇಳಕಲ್ ಸೀರೆಯ ವ್ಯಾಪಾರ. ಸೀರೆಗಳ ಗಂಟು ಕಟ್ಟಿಕೊಂಡು ಸೊಲ್ಲಾಪುರ, ಪುಣೆ ಎಂದು ಹೋಗುತ್ತಿದ್ದ. ಬರುವಾಗ ಗಂಟು ಖಾಲಿ, ತಲೆ ಭರ್ತಿ! ಸೀರೆ ಕೊಟ್ಟು ಉಳಿದ ಹೊತ್ತನ್ನೆಲ್ಲ ಅವನು ಅಲ್ಲಿಯ ರೇಡಿಯೋ ಅಂಗಡಿಗಳ ಗಾಜಿನ ಮುಂದೆ ಕಳೆಯುತ್ತಿದ್ದ. ಮಾರುವ ಹುಡುಗರನ್ನು ಮಾತಿಗೆಳೆದು ಮುಂದೆ ಏನೇನು ಬರಲಿದೆ ಎಂಬ ಗುಟ್ಟನ್ನೆಲ್ಲ ತೆಗೆಸಿಕೊಂಡು ಬರುತ್ತಿದ್ದ. ಅವನು ಊರಿಗೆ ಬಂದ ಸಂಜೆ ನಮ್ಮ ಓಣಿಯ ಕಟ್ಟೆಯ ಮೇಲೆ ಜಾಗ ಸಿಗುತ್ತಿರಲಿಲ್ಲ.

“ಐಸ್ ಮಾಡೂ ಕಪಾಟ ಬಂದೈತಿ. ಆದ್ರ ಯಾರೂ ತಗೋಬ್ಯಾಡ್ರಿ. ಬರೂ ವರ್ಷದ ಮಾಡೆಲ್ಲಿನ್ಯಾಗ ರೊಟ್ಟಿ ಬಿಸಿನೂ ಮಾಡ್ತಾರಂತ!”

“ಒಂದ ಕಪಾಟಿನ್ಯಾಗ ಐಸೂ ಬಿಸಿ ರೊಟ್ಟಿನೂ ಹೆಂಗ ಕಾಕಾ?”

“ನಡುವ ಬಾಗಲಾ ಇಟ್ಟಿರ್ತಾರಲೇ!”

ಇಂಥ ಉತ್ತರಕ್ಕೆ ಎದುರಾಡುವವರು ಯಾರು? ಊರಿನವರು ಅವನಿಗೆ ‘ಬರೂ ವರ್ಷ’ ಎಂದೇ ಹೆಸರಿಟ್ಟಿದ್ದರು. ಅವನು ಬಸ್ಸಿನಿಂದ ಇಳಿದರೆ, “ಬರೂ ವರ್ಷ ಈಗ ಬಂತು ನೋಡ್ರಿ” ಎನ್ನುತ್ತಿದ್ದರು. ಕಾಕಾ ಅದನ್ನು ಬಿರುದೆಂದೇ ತಿಳಿದಿದ್ದ.

ತಾನು ಕೊಳ್ಳದಿದ್ದರೆ ಹೋಗಲಿ, ಇನ್ನೊಬ್ಬರಿಗೂ ಕೊಳ್ಳಗೊಡುತ್ತಿರಲಿಲ್ಲವಲ್ಲ! ಬಾಗಲಕೋಟೆಯ ರೇಡಿಯೋ ಅಂಗಡಿಯವನು ಕಾಕಾನನ್ನು ದೂರದಿಂದ ಕಂಡರೂ ಸಾಕು, ಚಹಾ ತರಿಸುತ್ತಿದ್ದ. ಉಪಚಾರಕ್ಕಲ್ಲ. ಬಾಯಲ್ಲಿ ಚಹಾ ಇರುವಷ್ಟು ಹೊತ್ತಾದರೂ ಈ ಮನುಷ್ಯ ಗಿರಾಕಿಗಳಿಗೆ ‘ತಡೀರಿ’ ಎನ್ನಲಾರ ಎಂಬ ಆಸೆಗೆ.

ಅವನ ಮಾತು ಕೇಳಿ ನಾನೂ ಕೆಟ್ಟವನೇ. ಹುನಗುಂದದಲ್ಲಿ ಮಾಸ್ತರಿಕೆ ಸಿಕ್ಕ ಹೊಸತು. ಕೈಗೊಂದು ವಾಚು ಕೊಳ್ಳಬೇಕೆಂದು ಹೊರಟವನನ್ನು ಕಾಕಾ ಬಸ್‌ಸ್ಟ್ಯಾಂಡಿನಲ್ಲೇ ಹಿಡಿದ.

“ಮುಳ್ಳಿನ ವಾಚ? ಥೂ! ಇನ್ನ ಮುಳ್ಳ ಇಲ್ಲದ ವಾಚು ಬರ್ತಾವು. ಕಿಲಿ ಕೊಡೂದಿಲ್ಲ, ಏನಿಲ್ಲ. ಅಂಕಿ ತಾವ ಕೆಂಪಗ ಉರಿತಾವು. ತಡಿ!”

ತಡೆದೆ. ಸಾಲಿಯಲ್ಲಿ ಹುಡುಗರನ್ನೇ ವೇಳೆ ಕೇಳಿ ಗಂಟೆ ಬಾರಿಸಿದೆ. ಅವರು ಹೇಳುವ ವೇಳೆಯಲ್ಲಿ ನನ್ನ ಗಣಿತದ ತಾಸು ಯಾವಾಗಲೂ ಬೇಗ ಮುಗಿಯುತ್ತಿತ್ತು! ಕಡೆಗೊಮ್ಮೆ ಮುಳ್ಳಿಲ್ಲದ ವಾಚು ನಿಜಕ್ಕೂ ಬಂತು. ಪುಣೆಯಿಂದ ತರಿಸಿಕೊಂಡೆ. ಕಟ್ಟಿಕೊಂಡ ಮೇಲೆ ತಿಳಿಯಿತು, ಅದರಲ್ಲಿ ವೇಳೆ ಕಾಣಬೇಕಾದರೆ ಇನ್ನೊಂದು ಕೈಯಿಂದ ಗುಂಡಿ ಒತ್ತಬೇಕು! ಸೈಕಲ್ ಮೇಲೆ ಹೋಗುತ್ತ ಎರಡೂ ಕೈ ಬಿಟ್ಟು ವೇಳೆ ನೋಡಿದೆ. ನಾನು ತಗ್ಗಿಗೆ ಬಿದ್ದಾಗ ಒಂಬತ್ತು ಗಂಟೆ ನಲವತ್ತು ನಿಮಿಷವಾಗಿತ್ತು. ಅಷ್ಟು ಮಾತ್ರ ಕರಾರುವಾಕ್ಕು. ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದವನನ್ನು ನೋಡಲು ಕಾಕಾ ಬಂದ.

“ಮೊದಲನೇ ಮಾಡೆಲ್ ಯಾಕ ತಗೊಂಡೆಲೇ? ಒತ್ತೂದು ಇಲ್ಲದ್ದು ಬರೂ ವರ್ಷ ಬರ್ತೈತಿ!”

ಇದೆಲ್ಲ ನಗುವ ಮಾತಾಯಿತು. ನಗಲಾರದವಳು ಒಬ್ಬಳಿದ್ದಳು, ನಮ್ಮ ಚಿಗವ್ವ. ಕಾಕಾನ ಹೆಂಡತಿ.

ಚಿಗವ್ವನ ತವರು ಬೇವೂರು. ಅವಳ ತಂದೆ ಬೀರಪ್ಪನ ಭಕ್ತರು. ಕುರಿ ಕಾಯುತ್ತಲೇ ಹಾಡು ಕಲಿತು, ಡೊಳ್ಳಿನ ಪದಗಳಲ್ಲಿ ಆ ಭಾಗಕ್ಕೆಲ್ಲ ಹೆಸರಾದವರು. ತಾಯಿಯಿಲ್ಲದ ಈ ಒಬ್ಬಳೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಹಾಡಿಕೆಗೆ ಹೋಗುತ್ತಿದ್ದರಂತೆ. ಮದುವೆಯಾಗಿ ಇಳಕಲ್ಲಿಗೆ ಬಂದು ಮಗ್ಗ ಕಲಿತ ಚಿಗವ್ವ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತ ಅಪ್ಪನ ಪದಗಳನ್ನೇ ಗುನುಗುತ್ತಿದ್ದಳು. ಆ ಹೊತ್ತಿಗೆ ಧಾರವಾಡದ ರೇಡಿಯೋದವರು ಮುದುಕನನ್ನು ಆಗಾಗ ಕರೆಸಿ ಹಾಡಿಸತೊಡಗಿದ್ದರು. ಚಿಗವ್ವನಿಗೆ ಇದ್ದದ್ದು ಒಂದೇ ಆಸೆ. ಮಗ್ಗದ ಬದಿಗೊಂದು ರೇಡಿಯೋ ಬೇಕು, ಅದರಲ್ಲಿ ಅಪ್ಪನ ದನಿ ಕೇಳಬೇಕು. ಅದಕ್ಕೆಂದೇ ಹೆಚ್ಚಿನ ಸೀರೆ ನೇಯ್ದು ಕೊಟ್ಟಳು.

ಕಾಕಾ ರೇಡಿಯೋ ತರಲು ಹೊರಟೂ ಬಿಟ್ಟ. ಆದರೆ ಚಿಗವ್ವನ ದೈವ ನೋಡಿ! ಅದೇ ಹೊತ್ತಿಗೆ, ಎಪ್ಪತ್ತೈದರ ಸುಮಾರಿಗೆ, ಸರಕಾರದವರು ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಿಗೆ ಟೀವಿ ತಂದಿಟ್ಟರು. ಸಾಲಿಯ ಮಾಳಿಗೆಯ ಮೇಲೆ ಕೋಳಿಬಲೆಯಂಥ ತಂತಿಯ ದೊಡ್ಡ ಛತ್ರಿ, ಒಳಗೊಂದು ಪೆಟ್ಟಿಗೆ, ಅದರೊಳಗೆ ಮಾತಾಡುವ ಮನುಷ್ಯರು! ಬೆಂಗಳೂರಿನವರೇ ಇನ್ನೂ ಕಾಣದ ಟೀವಿ ನಮ್ಮ ಕುರಿ, ಎಮ್ಮೆಗಳ ನಡುವೆ ಬಂದು ಕೂತಿತ್ತು. ಕಾಕಾನಿಗೆ ನೆಲ ಕಾಣಲಿಲ್ಲ. ರೇಡಿಯೋ ಮರೆತು, ದಿನಾ ಸಂಜೆ ಅಂಥದೊಂದು ಹಳ್ಳಿಗೆ ಸೈಕಲ್ ತುಳಿದುಕೊಂಡು ಹೋದ. ಗೊಬ್ಬರ ಹಾಕುವುದು ಹೇಗೆಂದು ಟೀವಿಯವರು ಹೇಳಿದರೆ ಹೊಲವಿಲ್ಲದ ನಮ್ಮ ಕಾಕಾ ಕೈಮುಗಿದು ಕೇಳುತ್ತಿದ್ದ.

“ರೇಡಿಯೋ ಎಲ್ರಿ?” ಎಂದಳು ಚಿಗವ್ವ.

“ಏ ಹುಚ್ಚಿ, ಇಷ್ಟರಾಗ ಮನಿಮನಿಗೂ ಟೀವಿ ಬರ್ತೈತಿ. ನಿಮ್ಮಪ್ಪನ ದನಿ ಅಷ್ಟ ಅಲ್ಲ, ಮೀಸಿ ಸೈತ ಕಾಣಸ್ತೈತಿ! ಇನ್ನ ರೇಡಿಯೋ ತಗೊಂಡು ಏನ್ ಮಾಡ್ತಿ?”

ಬೇರೆ ಜಿಲ್ಲೆಯವನಾಗಿದ್ದರೆ ಕಾಕಾ ಸುಮ್ಮನೆ ರೇಡಿಯೋ ಕೊಂಡಿರುತ್ತಿದ್ದ. ಟೀವಿಯನ್ನು ಕಣ್ಣಾರೆ ಕಂಡದ್ದೇ ಕೆಟ್ಟಿತು. ವರ್ಷ ತುಂಬಿತು. ಪ್ರಯೋಗ ಮುಗಿಯಿತಂತೆ, ಟೀವಿ ನಿಂತೇ ಹೋಯಿತು. ಜೀಪಿನವರು ಬಂದು ಪೆಟ್ಟಿಗೆಯನ್ನು ಹೇರಿಕೊಂಡು ಹೋಗುವುದನ್ನು ಇಡೀ ಹಳ್ಳಿ ಮುಖ ಸಣ್ಣದು ಮಾಡಿಕೊಂಡು ನೋಡಿತು. ಕಾಕಾನ ಮುಖ ಮಾತ್ರ ಹೊಳೆಯುತ್ತಿತ್ತು.

“ಯಾಕ ಅಳ್ತೀರೋ? ಬಣ್ಣದ್ದು ಮಾಡಿ ತರಾಕ ಒಯ್ದಾರ!”

ಬಣ್ಣದ್ದು ಬರಲಿಲ್ಲ, ಕಪ್ಪುಬಿಳಿದೂ ಬರಲಿಲ್ಲ. ಕಾಕಾ ಕಾಯುತ್ತಲೇ ಇದ್ದ. ಮುದುಕನ ಹಾಡಿಕೆ ಇರುವ ಸಂಜೆ ಚಿಗವ್ವ ಕೊಡ ಹೊತ್ತುಕೊಂಡು ಎದುರು ಓಣಿಯ ಚಹಾದಂಗಡಿಯ ಬದಿಗೆ ನಿಲ್ಲುತ್ತಿದ್ದಳು. ಹೆಂಗಸು ಒಳಗೆ ಹೋಗುವಂತಿಲ್ಲ. ನೀರಿಗೆ ಹೊರಟವಳಂತೆ ನಿಂತು, ಅಂಗಡಿಯ ರೇಡಿಯೋದಿಂದ ಬಂದಷ್ಟು ಅಪ್ಪನ ದನಿ ಕೇಳಿಸಿಕೊಂಡು ಬರಬೇಕು. ಒಮ್ಮೆ ಕಾಕಾ ತಾನೂ ಜೊತೆಗೆ ಹೋದ. ಹಾಡು ಶುರುವಾದದ್ದೇ ತಡ, ದನಿ ಗಾಳಿಯಲ್ಲಿ ಹೇಗೆ ಬರುತ್ತದೆ, ತಂತಿಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕಿತ್ತು, ಈ ರೇಡಿಯೋ ಯಾಕೆ ಹಳೆಯದು ಎಂದು ಅವಳ ಕಿವಿಯಲ್ಲಿ ಹೇಳುತ್ತಲೇ ಹೋದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಹಾಡು ಮುಗಿದು ಪೇಟೆ ಧಾರಣಿ ಬರುತ್ತಿತ್ತು. ಮನೆಗೆ ಬಂದ ಚಿಗವ್ವ ಖಾಲಿ ಕೊಡವನ್ನು ಕುಕ್ಕಿದ ಸಪ್ಪಳ ನಮ್ಮ ಮನೆಗೂ ಕೇಳಿಸಿತು!

ಹೀಗೇ ವರ್ಷಗಳು ಕಳೆದವು. ಒಮ್ಮೆ ನಾವೆಲ್ಲ ಬಾದಾಮಿಗೆ ಹೋಗಿ, ಅಲ್ಲಿಂದ ಮಹಾಕೂಟಕ್ಕೆ ಹೋದೆವು. ಹೊಂಡದ ಮೆಟ್ಟಿಲ ಮೇಲೆ ಕೂತು ಚಿಗವ್ವ ತನ್ನ ಪಾಡಿಗೆ ಅಪ್ಪನ ಪದವೊಂದನ್ನು ಗುನುಗುತ್ತಿದ್ದಳು. ಅಲ್ಲೊಬ್ಬ ಬಿಳಿಯ ಪ್ರವಾಸಿ. ಅವನ ಹೆಗಲಲ್ಲಿ ಚರ್ಮದ ಚೀಲ, ಚೀಲದಲ್ಲಿ ಸಣ್ಣ ಟೇಪ್‌ರಿಕಾರ್ಡರ್! ಕಾಕಾ ದೇವರಿಗೆ ಬೆನ್ನು ಮಾಡಿ ಆ ಚೀಲವನ್ನೇ ಪ್ರದಕ್ಷಿಣೆ ಹಾಕುತ್ತಿದ್ದ. ಆತ ನಗುತ್ತ ಗುಂಡಿ ಒತ್ತಿದ. ಚಿಗವ್ವನ ದನಿ ಪೆಟ್ಟಿಗೆಯಿಂದ ಹೊರಬಂತು! ಚಿಗವ್ವ ಹೌಹಾರಿ ಎದ್ದು ನಿಂತಳು. ಆಮೇಲೆ ಮೆಲ್ಲಗೆ ಹತ್ತಿರ ಬಂದಳು.

“ನಮ್ಮಪ್ಪನ ದನಿ ಹಿಂಗ ಹಿಡಿದಿಡಾಕ ಬರ್ತೈತೇನ್ರಿ?”

“ಬರ್ತೈತಿ,” ಎಂದ ಕಾಕಾ. “ಆದ್ರ ತಡಿ. ದೀಪಾವಳಿಗಿ ಎರಡು ಸ್ಪೀಕರಿಂದು ಬರ್ತೈತಂತ.”

ಹೊಂಡಕ್ಕೆ ಅವನನ್ನು ನೂಕಿಬಿಡಬೇಕೆನ್ನಿಸಿತು ನನಗೆ. ಚಿಗವ್ವ ಸೆರಗು ಹೊದ್ದುಕೊಂಡು ಬಸ್ಸಿನ ಕಡೆ ನಡೆದಳು. ಆದರೆ ಅವತ್ತು ಬಸ್ಸಿನಲ್ಲಿ ಕಾಕಾ ಬರೂ ವರ್ಷದ ಮಾತನ್ನೇ ಎತ್ತಲಿಲ್ಲ, ಅದೇ ನನಗೆ ಸೋಜಿಗ.

ಆ ಮಳೆಗಾಲ ಬೇವೂರಿನಿಂದ ಬಂದವರೊಬ್ಬರು ಸುದ್ದಿ ಹೇಳಿದರು. ಮುದುಕನಿಗೆ ಕೆಮ್ಮು ಹತ್ತಿದೆ, ನಾಲ್ಕು ಸಾಲು ಹಾಡಿದರೆ ದನಿ ಒಡೆಯುತ್ತದೆ, ಇನ್ನು ಹಾಡಿಕೆ ಸಾಕು ಎಂದು ದವಾಖಾನೆಯಲ್ಲಿ ಹೇಳಿದ್ದಾರೆ ಎಂದು. ಚಿಗವ್ವ ಕೇಳಿಸಿಕೊಂಡು ಮತ್ತೆ ಮಗ್ಗಕ್ಕೆ ಕೂತಳು. ಗುನುಗು ಮಾತ್ರ ಇರಲಿಲ್ಲ.

ಮರುದಿನ ಕಾಕಾ ಬಾಗಲಕೋಟೆಯ ಅಂಗಡಿಯಲ್ಲಿದ್ದ. ನನಗೂ ಅಲ್ಲಿ ಕೆಲಸವಿತ್ತು, ಜೊತೆಗಿದ್ದೆ. ಅಂಗಡಿಯವನು ರೂಢಿಯಂತೆ ಚಹಾ ಹೇಳಿದ.

“ಚಾ ಬ್ಯಾಡ. ಟೇಪ್‌ರಿಕಾರ್ಡರ್ ಕೊಡು.”

ಅಂಗಡಿಯವನು ನನ್ನ ಮುಖ ನೋಡಿದ. ಜ್ವರ ಬಂದಿದೆಯೇ ಎಂಬಂತೆ ಕಾಕಾನನ್ನು ನೋಡಿದ. “ಒಂದ ಸ್ಪೀಕರಿಂದು ಅಷ್ಟ ಐತ್ರಿ. ದೀಪಾವಳಿತನಾ ತಡೀರಿ, ಎರಡರದ್ದು ಬರ್ತೈತಿ ಅಂತ ಊರಿಗೆಲ್ಲ ನೀವ ಹೇಳೀರೆಲ್ಲ?”

“ನಾ ತಡಿತೇನೋ ಮಾರಾಯಾ,” ಎಂದ ಕಾಕಾ, “ಆ ಮುದುಕಾ ತಡಿಬೇಕಲ್ಲೋ!”

ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಲ್ಲಿಂದಲೇ ಬೇವೂರಿನ ಬಸ್ಸು ಹತ್ತಿದ.

ಎರಡನೆಯ ದಿನ ಅವನು ಬಂದಾಗ ನಾವೆಲ್ಲ ಮಗ್ಗದ ಸುತ್ತ ನೆರೆದಿದ್ದೆವು. ಕಾಕಾ ಕೈ ತೊಳೆದುಕೊಂಡು ಬಂದು ಗುಂಡಿ ಒತ್ತಿದ. ಡೊಳ್ಳು ಕೇಳಿಸಿತು. ಆಮೇಲೆ ಮುದುಕನ ದನಿ. ಒಡೆದಿತ್ತು, ನಡುನಡುವೆ ಕೆಮ್ಮಿತ್ತು, ಆದರೂ ಎಂಥ ದನಿ! ಚಿಗವ್ವ ಕಣ್ಣು ಮುಚ್ಚಿ ಕೂತಳು. ಟೇಪಿನಲ್ಲಿ ಕಾಕಾನ ಒಂದೇ ಒಂದು ಮಾತೂ ಇಲ್ಲ! ನಂಬುತ್ತೀರಾ? ಒಂದಿಡೀ ಸಂಜೆ ಯಂತ್ರದ ಎದುರಿಗೆ ಕೂತು ನಮ್ಮ ಕಾಕಾ ತುಟಿ ಬಿಚ್ಚಿರಲಿಲ್ಲ! ಹಾಡು ಮುಗಿದು ಮುದುಕನ ಮಾತು ಕೇಳಿಸಿತು.

“ಅಳ್ಯಾರ, ಯಾಕ ಸುಮ್ಕ ಕುಂತೀರಿ? ಮೈಯಾಗ ನೆಟ್ಟಗಿಲ್ಲೇನು?”

ಉತ್ತರವಿಲ್ಲ. ಎಲ್ಲೋ ಒಂದು ಕುರಿ ಒದರಿತು.

“ನನ್ನ ಮಗಳು ಆರಾಮ ಅದಾಳಿಲ್ಲೋ?”

ಉತ್ತರವಿಲ್ಲ.

“ಅಳ್ಯಾರಾ?”

ಖಟ್ ಎಂದು ಟೇಪು ನಿಂತಿತು. ನಾವು ಬಿದ್ದು ಬಿದ್ದು ನಕ್ಕೆವು. ಚಿಗವ್ವನಿಗೆ ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದವು.

“ನಮ್ಮಪ್ಪ ಬಾಯಿಬಿಟ್ಟು ಕೇಳ್ಯಾನ, ಆರಾಮ ಅದಾಳಂತ ಒಂದ ಮಾತ ಹೇಳಾಕ ಏನಾಗಿತ್ರಿ ನಿಮಗ?”

“ನನ್ನ ದನಿ ನಡುವ ಬಂದು ಕೆಡಬಾರದಂತ, ಹೂಂ ಅನ್ನೂ ಹಂಗ ಗ್ವಾಣ ಅಳ್ಳಾಡಿಸಿದ್ನಿ.”

“ಗ್ವಾಣ ಅಳ್ಳಾಡಿಸಿದ್ದು ಇದರಾಗ ಕೇಳಸ್ತೈತೇನ್ರಿ?”

“ಬರೂ ವರ್ಷದ ಮಾಡೆಲ್ಲಿನ್ಯಾಗ ಕಾಣಸ್ತೈತಂತ!”

ಆ ದಿನದಿಂದ ನಮ್ಮ ಓಣಿಯ ಮಗ್ಗಗಳೆಲ್ಲ ಡೊಳ್ಳಿನ ಪದಕ್ಕೆ ನೇಯತೊಡಗಿದವು. ದೀಪಾವಳಿಗೆ ಎರಡು ಸ್ಪೀಕರಿನದು ಬಂತು. ಅಷ್ಟರೊಳಗೆ ಮುದುಕ ಹೋಗಿಬಿಟ್ಟಿದ್ದರು.

ಚಿಗವ್ವ ಟೇಪ್‌ರಿಕಾರ್ಡರನ್ನು ಹಳೆಯ ಸೀರೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿ ಇಟ್ಟಳು. ಯಾರೂ ಮುಟ್ಟಲಿಲ್ಲ. ಎಷ್ಟೋ ತಿಂಗಳ ನಂತರ, ರಜೆಗೆ ನಾನು ಇಳಕಲ್ಲಿಗೆ ಹೋಗಿದ್ದಾಗ, ಒಂದು ಮಧ್ಯಾಹ್ನ ಅವಳೇ ಅದನ್ನು ಇಳಿಸಿ ಗುಂಡಿ ಒತ್ತಿದಳು. ಡೊಳ್ಳು, ಹಾಡು, ಕೆಮ್ಮು. ಕಾಕಾ ಆಗಷ್ಟೇ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಸೀರೆಯ ಗಂಟು ಹಾಗೇ ಇತ್ತು.

“ನನ್ನ ಮಗಳು ಆರಾಮ ಅದಾಳಿಲ್ಲೋ?”

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಡಲೂ ಆಗಲಿಲ್ಲ.

“ಅಳ್ಯಾರಾ?”

ಕಾಕಾ ಗಂಟು ಇಳಿಸಿದ. ಟೇಪಿನ ಮುಂದೆ ಬಂದು, ಹಿರಿಯರೆದುರು ಕೂಡುವಂತೆ ನೆಲದ ಮೇಲೆ ಕೂತ.

“ಅದಾಳ್ರಿ ಮಾವಾರ,” ಎಂದ, “ಆರಾಮ ಅದಾಳ. ನಾ ಅದೀನಲ್ರಿ, ನೀವು ಕಾಳಜಿ ಮಾಡಬ್ಯಾಡ್ರಿ.”