ಕೆಂಪು ತ್ರಿಕೋನದ ಗಾಡಿ

ನನ್ನ ಗಾಡಿ ಎಲ್ಲಿ ನಿಂತರೂ ಏನಾದರೊಂದು ಅನಾಹುತ ಆಗಿಯೇ ತೀರುತ್ತಿತ್ತು. ನಾನೇನೂ ಮಾಡುತ್ತಿರಲಿಲ್ಲ, ಬ್ರೇಕ್ ಹಾಕಿ ಇಳಿಯುತ್ತಿದ್ದೆ ಅಷ್ಟೆ. ಅಷ್ಟರಲ್ಲೇ ಎದುರಿಗಿದ್ದವರ ಮುಖ ಬಿಳಿಚಿಕೊಳ್ಳುತ್ತಿತ್ತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಜಹೀರಾಬಾದಿನಲ್ಲಿ ಹೆದ್ದಾರಿ ಪಕ್ಕ ನನ್ನದೊಂದು ಮೋಟರ್‌ಸೈಕಲ್ ರಿಪೇರಿ ಅಂಗಡಿ. ಮೋಟರ್‌ಸೈಕಲ್ಲಿಗೆ ನಮ್ಮ ಕಡೆ ಫಟಫಟಿ ಅನ್ನುತ್ತಾರೆ. ತಾಂಡೂರ, ಪೆದ್ದೆಮುಲ್, ನಾರಾಯಣಖೇಡದ ಹಳ್ಳಿಗಳಲ್ಲಿ ಫಟಫಟಿ ಕೆಟ್ಟರೆ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ತರಬೇಕಿತ್ತು. ನನ್ನ ಅಂಗಡಿ ಮುಟ್ಟುವಷ್ಟರಲ್ಲಿ ಕೆಡದೇ ಇದ್ದ ಭಾಗವೂ ಕೆಟ್ಟಿರುತ್ತಿತ್ತು. ಅದಕ್ಕೇ ನಾನೊಂದು ಹಳೇ ವ್ಯಾನು ತೆಗೆದುಕೊಂಡು, ಹಿಂದೆ ಎರಡು ಫಟಫಟಿ ನಿಲ್ಲುವಷ್ಟು ಜಾಗ ಮಾಡಿ, ಪಕ್ಕದಲ್ಲಿ ಮಲಗಲು ಹಲಗೆಯ ಮಂಚ, ಅಡುಗೆಗೆ ಸೀಮೆಎಣ್ಣೆ ಸ್ಟೋವು ಇಟ್ಟುಕೊಂಡು ಊರೂರು ತಿರುಗುವುದೆಂದು ತೀರ್ಮಾನಿಸಿದೆ. ಆದಷ್ಟು ಅಲ್ಲೇ ರಿಪೇರಿ ಮಾಡುವುದು, ಆಗದಿದ್ದರೆ ಫಟಫಟಿಯನ್ನು ಹೇರಿಕೊಂಡು ಬರುವುದು.

ಅವ್ವನಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. ನನಗಾಗಲೇ ಮೂವತ್ತು ದಾಟಿತ್ತು, ಮೂರು ಸಂಬಂಧ ಬಂದು ತಪ್ಪಿಹೋಗಿದ್ದವು.

"ಗಾಡ್ಯಾಗ ಅಡಗಿ ಮಾಡಿ ಗಾಡ್ಯಾಗೇ ಮಲಗವ್ಗ ಯಾರು ಹೆಣ್ಣು ಕೊಡ್ತಾರೋ? ಇನ್ನೊಂದು ಸಂಬಂಧ ತಪ್ಪಿತು ಅಂದರ ಗಾಡಿನರೆ ಮಾರು, ಇಲ್ಲಾ ನನ್ನನ್ನರೆ ನಿಮ್ಮಕ್ಕನ ಮನಿಗೆ ಕಳಿಸು," ಅಂದಳು.

ನಾನು ನಕ್ಕುಬಿಟ್ಟೆ. ಅದು ಎಂಥ ಗಾಡಿ ಅಂತ ಅವಳಿಗಿನ್ನೂ ಗೊತ್ತಿರಲಿಲ್ಲ.

೧. ಬಣ್ಣ

ವ್ಯಾನು ನನಗೆ ಸರ್ಕಾರಿ ಹರಾಜಿನಲ್ಲಿ ಸಿಕ್ಕಿತು. ನಾನು ಕೂಗಿದ ಮೇಲೆ ಬೇರೆ ಯಾರೂ ಕೂಗಲೇ ಇಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಅದು ಕುಟುಂಬ ಯೋಜನೆ ಪ್ರಚಾರದ ಗಾಡಿ. ಎರಡೂ ಮಗ್ಗುಲಿಗೆ ಆಳೆತ್ತರದ ಕೆಂಪು ತ್ರಿಕೋನ. ಗಂಡಸರನ್ನು ಹಿಡಿದು ಗಾಡಿಗೆ ಹಾಕಿಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುತ್ತಾರೆ ಅನ್ನುವ ಸುದ್ದಿ ಹಳ್ಳಿ ಹಳ್ಳಿಗೂ ಹಬ್ಬಿದ್ದ ಕಾಲ ಆಗಷ್ಟೇ ಕಳೆದಿತ್ತು. ಕಾಲ ಕಳೆದಿತ್ತು ಖರೆ, ಜನರ ಹೆದರಿಕೆ ಕಳೆದಿರಲಿಲ್ಲ.

ಹರಾಜಿನಿಂದ ನೇರವಾಗಿ ನಮ್ಮೂರ ಪೇಂಟರನ ಅಂಗಡಿಗೆ ಹೋದೆ. ನಾನು ತಿರುವಿನಲ್ಲಿದ್ದಾಗ ಪೇಂಟರ್ ಏಣಿಯ ಮೇಲೆ ನಿಂತು ಒಂದು ಬೋರ್ಡು ಬರೆಯುತ್ತಿದ್ದ. ಗಾಡಿ ನಿಲ್ಲಿಸಿ ನೋಡಿದರೆ ಏಣಿ ಇತ್ತು, ಬಣ್ಣದ ಡಬ್ಬಿ ಇತ್ತು, ಪೇಂಟರ್ ಇರಲಿಲ್ಲ. ನಾನು ಗಾಬರಿಯಾಗಿ, ಬಿದ್ದನೇನೋ ಅಂತ ಸುತ್ತಲೂ ಹುಡುಕಿದೆ. ಕೊನೆಗೆ ಮಾಳಿಗೆಯ ಮೇಲಿಂದ ದನಿ ಬಂತು.

"ಯಾರಿಗಿ ಹಿಡಿಲಾಕ ಬಂದೀರಿ ಸಾಬ್?"

"ನಾನೋ ಭಾಯ್, ಫಟಫಟಿ ಮಿಸ್ತ್ರಿ."

ತಲೆಯಷ್ಟೇ ಹೊರಗೆ ಬಂತು. "ನೀ ಯಾವಾಗ ಈ ನೌಕರಿಗಿ ಸೇರಿದಿ?"

ಅವನನ್ನು ಕೆಳಗಿಳಿಸಲು ಒಂದು ತಾಸು ಹಿಡಿಯಿತು. ಇಳಿದವನು ಗಾಡಿಗೆ ದಪ್ಪಗೆ ಹಳದಿ ಬಣ್ಣ ಬಳಿದ. ಇಪ್ಪತ್ತು ದಿನ ಬಿಸಿಲು ಬಿದ್ದದ್ದೇ ತಡ, ಹಳದಿಯ ಒಳಗಿಂದ ಕೆಂಪು ತ್ರಿಕೋನ ಮೆಲ್ಲಗೆ ಎದ್ದು ಬಂತು. ಮತ್ತೆ ಬಳಿಸಿದೆ, ಮತ್ತೆ ಬಂತು. ಮೂರನೇ ಸಲ ನಾನು ಜಗಳಕ್ಕೇ ಹೋದೆ. ಪೇಂಟರ್ ತ್ರಿಕೋನದ ಮೇಲೆ ಕೈಯಾಡಿಸಿ, ತಲೆ ಅಲ್ಲಾಡಿಸಿದ.

"ನಂದೇನ್ ತಪ್ಪಿಲ್ಲ ಭಾಯ್. ಇದು ಸರ್ಕಾರಿ ಬಣ್ಣ. ಜೀವನದಾಗ ಸರ್ಕಾರದವ್ರು ಇದೊಂದೇ ಕೆಲಸ ಪಕ್ಕಾ ಮಾಡ್ಯಾರ."

೨. ತಾಂಡೂರಿನ ಕಲ್ಲು

ಮೊದಲನೇ ಸುತ್ತಿನಲ್ಲಿ ತಾಂಡೂರಿಗೆ ಹೋದೆ. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳು. ಒಂದು ಖಣಿಯ ಗುತ್ತೇದಾರನ ಫಟಫಟಿ ತಿಂಗಳಿಂದ ಕೆಟ್ಟು ನಿಂತಿತ್ತು. ಖಣಿಯ ಅಂಚಿಗೆ ಗಾಡಿ ಇಳಿಸುವಾಗ ಕೆಳಗೆ ನಲವತ್ತು ಐವತ್ತು ಜನ ಟಣ್ ಟಣ್ ಅಂತ ಕಲ್ಲು ಒಡೆಯುವ ಸದ್ದು ಕೇಳುತ್ತಿತ್ತು. ಬ್ರೇಕ್ ಹಾಕಿದೆ, ಸದ್ದು ನಿಂತಿತು. ಬಾಗಿ ನೋಡಿದರೆ ಸುತ್ತಿಗೆಗಳು ಬಿದ್ದಿವೆ, ಬುತ್ತಿಗಳು ಬಿಚ್ಚಿವೆ, ಒಂದು ನರಪಿಳ್ಳೆ ಇಲ್ಲ. ಇಷ್ಟು ಜನ ಒಂದು ಕ್ಷಣದಲ್ಲಿ ಎಲ್ಲಿ ಹೋದರು ಅಂತ ನನಗೆ ತಿಳಿಯಲೇ ಇಲ್ಲ.

ಗುತ್ತೇದಾರನಿಗೆ ಎಪ್ಪತ್ತರ ವಯಸ್ಸು, ಓಡುವ ಕಾರಣ ಇರಲಿಲ್ಲ. ಅವನು ಛತ್ರಿ ಹಿಡಿದು ಬಂದು ನನ್ನನ್ನು ಬಾಯಿಗೆ ಬಂದಂತೆ ಬೈದ.

"ಇವತ್ತ ಲಾರಿ ತುಂಬಬೇಕಿತ್ತು. ಇನ್ನ ಎರಡ ದಿನ ಈ ಮಕ್ಕಳು ತಿರುಗಿ ಬರಂಗಿಲ್ಲ. ನಿನ್ನ ರಿಪೇರಿ ಯಾರಿಗಿ ಬೇಕಾಗ್ಯಾದ?"

ನಾನು ಕೈಮುಗಿದು ಅವನ ಫಟಫಟಿ ರಿಪೇರಿ ಮಾಡಿದೆ. ಕಾರ್ಬೊರೇಟರು ತೊಳೆದೆ, ಕ್ಲಚ್ಚು ಬಿಗಿ ಮಾಡಿದೆ. ಅಷ್ಟು ಹೊತ್ತೂ ಅವನು ನನ್ನ ಗಾಡಿಯ ಸುತ್ತ ಛತ್ರಿ ಹಿಡಿದು ತಿರುಗುತ್ತಲೇ ಇದ್ದ. ನಾನು ಹೊರಡುವಾಗ ಕಿಟಕಿಯ ಹತ್ತಿರ ಬಂದು, ದನಿ ಇಳಿಸಿ ಕೇಳಿದ:

"ತಮ್ಮಾ, ನಾಳಿ ಒಂದ್ ದಿನ ಈ ಗಾಡಿ ಆ ಬಾಜೂದವನ ಖಣಿ ಮುಂದ ನಿಲ್ಲಸ್ತಿಯೇನು?"

೩. ಬೇವಿನ ಗಿಡದ ಕೆಳಗೆ

ಎಲ್ಲರೂ ಓಡುತ್ತಿದ್ದರು ಅಂದರೆ ಸುಳ್ಳಾಗುತ್ತದೆ. ಒಬ್ಬರು ತಾವಾಗೇ ಹುಡುಕಿಕೊಂಡು ಬಂದಿದ್ದರು.

ಪೆದ್ದೆಮುಲ್ ಹತ್ತಿರ ಒಂದು ಬಾವಿಯ ಪಕ್ಕ, ಬೇವಿನ ಗಿಡದ ಕೆಳಗೆ ಗಾಡಿ ಹಾಕಿ ಮಲಗಿದ್ದೆ. ಮುಂಜಾನೆ ಎದ್ದು ಸ್ಟೋವಿನ ಮೇಲೆ ಚಹಾ ಇಟ್ಟು, ಊರಿನ ಮಾಸ್ತರರ ಫಟಫಟಿಯ ಇಂಜಿನ್ ಬಿಚ್ಚೋಣವೆಂದು ಒಂದು ಬಿಳೀ ಬಟ್ಟೆ ಹಾಸಿ ಸಾಮಾನುಗಳನ್ನು ಸಾಲಾಗಿ ಜೋಡಿಸಿದೆ. ಮಣ್ಣು ಹತ್ತಬಾರದೆಂದು ಹಾಗೆ ಮಾಡುವುದು ನನ್ನ ಪದ್ಧತಿ. ತಿರುಗಿ ನೋಡಿದರೆ ಎಂಬತ್ತರ ಒಬ್ಬ ಮುತ್ಯಾ ಕೋಲೂರಿಕೊಂಡು ನಿಂತಿದ್ದ, ಹಣೆ ತುಂಬ ವಿಭೂತಿ.

"ಡಾಕ್ಟ್ರೇ, ಆಪರೇಷನ್ ಮಾಡಿಸಿಕೊಂಡವ್ರಿಗಿ ರೇಡಿಯೋ ಕೊಡ್ತಾರಂತ, ಖರೆ ಏನ್ರಿ?"

"ಮುತ್ಯಾ, ನಾ ಡಾಕ್ಟರ ಅಲ್ಲ, ಮಿಸ್ತ್ರಿ. ಇದು ರಿಪೇರಿ ಗಾಡಿ."

"ಗೊತ್ತದ, ಗೊತ್ತದ. ಹೋದ ಸಲ ಬಂದಾಗ ನಿಮ್ಮವ್ರು ನನ್ನ ನೋಡಿ ನಕ್ಕು ಹಂಗೇ ಹೋದ್ರು. ವಯಸ್ಸು ಆದ್ರ ಏನಾತು? ಹಾಡು ಕೇಳಬೇಕಂತ ನನಗೂ ಆಸಿ ಅದ. ಮಾಡ್ರಿ, ನಾ ಹಾಂ ಅನ್ನಂಗಿಲ್ಲ, ಹೂಂ ಅನ್ನಂಗಿಲ್ಲ."

ಹೀಗೆಂದು ಆತ ಕೋಲನ್ನು ಗಾಡಿಗೆ ಒರಗಿಸಿ, ರುಮಾಲು ಬಿಚ್ಚಿಟ್ಟು, ನನ್ನ ಮಂಚದ ಮೇಲೆ ಮಲಗಲು ತಯಾರಾದ. ಏನು ಹೇಳಿದರೂ ನಂಬಲೊಲ್ಲ. ಅಷ್ಟರಲ್ಲಿ ಆತನ ಕಣ್ಣು ಬಿಳೀ ಬಟ್ಟೆಯ ಮೇಲೆ ಬಿತ್ತು. ಕಬ್ಬಿಣ ಕೊಯ್ಯುವ ಗರಗಸ, ಎರಡು ಸುತ್ತಿಗೆ, ಇಕ್ಕಳ, ನಟ್ಟು ಬಿಚ್ಚುವ ಮೊಳದುದ್ದದ ಪಾನಾ. ಒಂದೊಂದನ್ನೂ ನೋಡುತ್ತ ನೋಡುತ್ತ ಆತನ ಬಾಯಿ ತೆರೆಯಿತು.

"ಇವೆಲ್ಲಾ ಬೇಕಾಗ್ತಾವಾ?" ಅಂದ.

ನಾನು ಉತ್ತರ ಕೊಡುವ ಮೊದಲೇ ಮುತ್ಯಾ ಬಾವಿ ದಾಟಿದ್ದ. ಕೋಲೂ ರುಮಾಲೂ ನನ್ನ ಹತ್ತಿರವೇ ಉಳಿದವು. ಆಮೇಲೆ ಮಾಸ್ತರರು ಬಂದು, ಮುತ್ಯಾ ಕೋಲಿಲ್ಲದೆ ನಡೆದು ಆರು ವರ್ಷವಾಗಿತ್ತು ಅಂತ ಹೇಳಿದರು.

೪. ದಬ್ಬುವವರು

ಗಾಡಿಯ ಬ್ಯಾಟರಿ ಯಾವಾಗಲೂ ಸತ್ತಿರುತ್ತಿತ್ತು. ಮೋಟರ್‌ಸೈಕಲ್ ಮಿಸ್ತ್ರಿಗೆ ತನ್ನ ಗಾಡಿ ರಿಪೇರಿ ಮಾಡಿಕೊಳ್ಳಲು ಪುರಸೊತ್ತು ಎಲ್ಲಿಂದ ಬರಬೇಕು? ಬೇರೆಯವರ ಗಾಡಿ ನಿಂತರೆ ನಾಲ್ಕು ಗಂಡಾಳು ಬಂದು ದಬ್ಬುತ್ತಾರೆ. ನನ್ನದು ನಿಂತರೆ ಇದ್ದ ನಾಲ್ಕು ಗಂಡಾಳೂ ಇಲ್ಲದಂತಾಗುತ್ತಿದ್ದರು. ಹಾಗಾಗಿ ನಾನು ಇಳಿಜಾರು ಇದ್ದಲ್ಲಿ ಮಾತ್ರ ಗಾಡಿ ನಿಲ್ಲಿಸುತ್ತಿದ್ದೆ.

ಒಮ್ಮೆ ನ್ಯಾಲ್ಕಲ್ಲಿನಲ್ಲಿ ಸಪಾಟಾದ ರಸ್ತೆಯಲ್ಲೇ ಕೈಕೊಟ್ಟಿತು. ಸುತ್ತ ಒಬ್ಬ ಗಂಡಸಿಲ್ಲ. ಬಿಸಿಲಲ್ಲಿ ಒಬ್ಬನೇ ದಬ್ಬುತ್ತ ಏದುಸಿರು ಬಿಡುತ್ತಿದ್ದಾಗ, ಇದ್ದಕ್ಕಿದ್ದಂತೆ ಗಾಡಿ ಹಗುರಾಗಿ ಮುಂದೆ ಹೋಯಿತು. ಪಕ್ಕಕ್ಕೆ ನೋಡಿದರೆ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಸೆರಗು ಸಿಕ್ಕಿಸಿ ದಬ್ಬುತ್ತಿದ್ದಾಳೆ. ಅವಳ ಹಿಂದೆ ಅವಳ ಏಳು ಮಕ್ಕಳೂ ದಬ್ಬುತ್ತಿವೆ. ನಾನು ಓಡಿ ಹತ್ತಿ ಗೇರು ಹಾಕಿದೆ, ಇಂಜಿನ್ ಶುರುವಾಯಿತು. ನನಗೆ ಕಣ್ಣಲ್ಲಿ ನೀರು ಬಂದಂತಾಯಿತು.

"ಪುಣ್ಯಾ ಬರಲಿ ಅಕ್ಕಾ," ಅಂದೆ.

ಅವಳು ಕೈ ಝಾಡಿಸಿಕೊಂಡು, "ಪುಣ್ಯಾ ಇರಲಿ. ಸೀದಾ ಹೋಗಿ ಎಡಕ್ಕ ತಿರುಗ್ರಿ. ನನ್ನ ಗಂಡ ಕಣಕಿ ಬಣವಿ ಹಿಂದ ಅಡಗಿ ಕುಂತಾನ, ನಾ ತೋರಿಸ್ತೀನಿ," ಅಂದಳು.

೫. ಬೀಗರು

ನಾಲ್ಕನೇ ಸಂಬಂಧ ಬಂದದ್ದು ನಾರಾಯಣಖೇಡ ಕಡೆಯ ಒಂದು ಹಳ್ಳಿಯಿಂದ. ಒಳ್ಳೆ ಮನೆತನ, ಹುಡುಗಿ ಹತ್ತನೇ ಇಯತ್ತೆ ಓದಿದವಳು. ಅವ್ವ ಹರಕೆ ಹೊತ್ತಳು. ಆ ಊರಿಗೆ ಬಸ್ಸಿಲ್ಲ, ಅವ್ವನ ಮೊಣಕಾಲು ನಡೆಯಲೊಲ್ಲವು. ಗಾಡಿಯಲ್ಲೇ ಹೋಗುವುದು ಅನಿವಾರ್ಯವಾಯಿತು.

"ಆ ಕೆಂಪಂದು ಯಾರ ಕಣ್ಣಿಗೂ ಬೀಳಬಾರದು," ಅಂದಳು ಅವ್ವ. ತನ್ನ ಎರಡು ಹಳೇ ಸೀರೆ ತೆಗೆದು, ಎರಡೂ ಮಗ್ಗುಲಿಗೆ ಎಳೆದು ತಾನೇ ಕಟ್ಟಿದಳು. ನನ್ನ ಸೋದರಮಾವ ಜೊತೆಗೆ ಬಂದರು. ಅವ್ವ, ಮಾವ ಹಿಂದೆ ಮಂಚದ ಮೇಲೆ ಕೂತರು. ದಾರಿಯುದ್ದಕ್ಕೂ ಅವ್ವ ಶಿವನಾಮ ಬಿಡಲಿಲ್ಲ.

ಊರ ಹೊರಗೆ ದಾರಿ ಸಣ್ಣದು, ಎರಡೂ ಕಡೆ ಜಾಲಿ ಮುಳ್ಳು. ಚರ್ ಅಂತ ಒಂದು ಸದ್ದಾಯಿತು, ನಾನು ಗಮನಿಸಲಿಲ್ಲ. ಊರೊಳಗೆ ಹೋದರೆ ಕಟ್ಟೆ ಖಾಲಿ, ಓಣಿ ಖಾಲಿ. ಒಬ್ಬನ ರುಮಾಲು ಮಾತ್ರ ನಡುಬೀದಿಯಲ್ಲಿ ಬಿದ್ದಿತ್ತು. ಇಳಿದು ನೋಡಿದರೆ ಗಾಡಿಯ ಮೇಲೆ ಸೀರೆಯ ಒಂದು ನೂಲೂ ಇಲ್ಲ. ತ್ರಿಕೋನ ಹೊಸ ಕುಂಕುಮದಂತೆ ಹೊಳೆಯುತ್ತಿತ್ತು.

ಹುಡುಗಿಯ ತಾಯಿ ಒನಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾವ ಕೈಮುಗಿದು, ನಾವು ವರನ ಕಡೆಯವರು ಅಂತ ತಿಳಿಸಿ ಹೇಳಿದ ಮೇಲೆ ಒನಕೆ ಕೆಳಗಿಳಿಯಿತು. ಒಳಗೆ ಕರೆದರು, ನೀರು ಕೊಟ್ಟರು, ಉಪ್ಪಿಟ್ಟು ಕೊಟ್ಟರು. ಹುಡುಗಿ ಚಹಾ ತಂದಳು. ಅವಳು ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡಿದ್ದಳು. ಆ ಕ್ಷಣಕ್ಕೇ ನನಗೆ ಅವಳನ್ನು ಬಿಟ್ಟು ಬೇರೆ ಯಾರೂ ಬೇಡವೆನಿಸಿತು.

ಆದರೆ ಮಾತಾಡಲು ಹುಡುಗಿಯ ತಂದೆಯೇ ಇಲ್ಲ. ಊರಿನ ಗಂಡಸರು ಒಬ್ಬೊಬ್ಬರೇ ಜೋಳದ ಹೊಲದಿಂದ, ಕಾಳು ತುಂಬುವ ಹಗೇವಿನಿಂದ, ಹುಲ್ಲಿನ ಬಣವೆಯಿಂದ ಎದ್ದು ಬಂದರು. ತಂದೆ ಬರಲಿಲ್ಲ. ಹುಡುಕಲು ಜನ ಹೋದರು, ಬಾವಿಯಲ್ಲೂ ಬಗ್ಗಿ ನೋಡಿದರು. ಎರಡು ತಾಸು ಕಾದೆವು. ಕೊನೆಗೆ ಮಾವ ಎದ್ದರು.

"ಯಜಮಾನ್ರೇ ಇಲ್ದ ಮ್ಯಾಲ ಯಾರ ಜೋಡಿ ಮಾತಾಡದು? ದೇವರ ಮನಸಿನ್ಯಾಗ ಇಲ್ಲ ಅಂತ ತಿಳ್ಕೋರಿ."

ಊರವರೇ ಗಾಡಿ ದಬ್ಬಿ ಬೀಳ್ಕೊಟ್ಟರು. ಅವ್ವ ಮಂಚದ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಮುಂದೆ ನೋಡುತ್ತ, ನಾಳೆಯೇ ಈ ಗಾಡಿ ಮಾರಿಬಿಡುತ್ತೇನೆ ಅಂತ ಆಣೆ ಮಾಡಿಕೊಂಡೆ. ನನಗೂ ಅಳು ಬರುತ್ತಿತ್ತು.

ನಾರಾಯಣಖೇಡ ಇನ್ನೇನು ಬಂತು ಅನ್ನುವಾಗ ಚಕ್ರ ಒಂದು ತಗ್ಗಿಗೆ ಬಿತ್ತು. ಹಿಂದಿನಿಂದ ಅವ್ವ ಕಿಟಾರನೆ ಕಿರುಚಿದಳು. ಗಾಡಿ ನಿಲ್ಲಿಸಿ ತಿರುಗಿ ನೋಡಿದೆ. ಫಟಫಟಿ ಮುಚ್ಚುವ ತಾಡಪಾಲನ್ನು ಮಡಿಚಿ ಮಂಚದ ಕೆಳಗೆ ಇಟ್ಟಿರುತ್ತಿದ್ದೆ. ಅದರೊಳಗಿಂದ ಎರಡು ಕೈ ಹೊರಗೆ ಬಂದು ಅವ್ವನ ಪಾದ ಹಿಡಿದುಕೊಂಡಿದ್ದವು.

"ಯವ್ವಾ, ನಿಮ್ಮ ಕಾಲಿಗಿ ಬೀಳ್ತೀನಿ, ಇವತ್ತೊಂದಿನ ಬಿಡ್ರಿ," ಅಂತ ತಾಡಪಾಲು ಗೋಗರೆಯಿತು. "ಮಗಳಿಗಿ ನೋಡಾಕ ಜಹೀರಾಬಾದ್‌ನಿಂದ ಬೀಗರು ಬರವ್ರಿದಾರ. ಮರ್ಯಾದಿ ಪ್ರಶ್ನೆ. ನಾಳಿ ನಾನೇ ನಡ್ಕೋತ ಬಂದು ನಿಮ್ಮ ಗಾಡ್ಯಾಗ ಕುಂದ್ರತೀನಿ."

ಮೊದಲು ಎಚ್ಚೆತ್ತವರು ಮಾವ.

"ಏಳ್ರಿ ಬೀಗರೇ," ಅಂದರು. "ಬಂದವ್ರು ನಾವೇ."

ಅವರು ಎದ್ದು ಕೂತರು. ರೇಷ್ಮೆ ರುಮಾಲಿಗೆಲ್ಲ ಇಂಜಿನ್ ಎಣ್ಣೆ. ಎಲ್ಲರೂ ಹೊಲಕ್ಕೆ ಓಡಿದಾಗ ಅವರಿಗೆ ಮಾತ್ರ ಒಂದು ಬುದ್ಧಿ ಹೊಳೆದಿತ್ತಂತೆ. ಹಿಡಿಯುವವರು ಊರೆಲ್ಲ ಹುಡುಕುತ್ತಾರೆ, ತಮ್ಮ ಗಾಡಿಯಲ್ಲಿ ಹುಡುಕುವುದಿಲ್ಲ. ನಾವು ಮನೆಯೊಳಗೆ ಹೋದದ್ದೇ ಇವರು ಹಿಂದಿನಿಂದ ಗಾಡಿ ಹತ್ತಿದ್ದರು. ಆಮೇಲೆ ಇಳಿಯೋಣವೆಂದರೆ ಸುತ್ತ ಮಕ್ಕಳು ನೆರೆದು ನೋಡುತ್ತ ನಿಂತಿದ್ದವು. ಹಾಗೇ ನಿದ್ದೆ ಹತ್ತಿತ್ತು.

ಗಾಡಿ ತಿರುಗಿಸಿದೆ. ಅದೇ ಮಂಚದ ಮೇಲೆ ಬೀಗರಿಬ್ಬರೂ ಕೂತು, ಊರು ಮುಟ್ಟುವಷ್ಟರಲ್ಲಿ ಮಾತು ಮುಗಿಸಿದರು. ಅವರ ಕಡೆಯಿಂದ ಕರಾರು ಒಂದೇ: ತಾವು ಎಲ್ಲಿ ಸಿಕ್ಕಿದ್ದು ಅಂತ ಯಾರಿಗೂ ಹೇಳಬಾರದು. ಅವರು ಇರುವವರೆಗೂ ನಾನು ಹೇಳಲಿಲ್ಲ.

ಅಂದು ಅಪ್ಪ ನಮ್ಮ ಗಾಡಿಯಿಂದ ಇಳಿದದ್ದನ್ನು ಬಾಗಿಲಲ್ಲೇ ನಿಂತು ನೋಡಿದ್ದ ನನ್ನ ಹೆಂಡತಿಗೆ ಮಾತ್ರ ಅಂಥ ಕರಾರು ಯಾವುದೂ ಇರಲಿಲ್ಲ. ನಿಮ್ಮ ಮದುವೆ ಹೇಗಾಯಿತು ಅಂತ ಯಾರು ಕೇಳಿದರೂ ಅವಳದು ಒಂದೇ ಉತ್ತರ:

"ಬ್ಯಾರೆ ಕಡಿ ಹುಡುಗಿಗಿ ಎತ್ಕೊಂಡ್ ಹೋಗ್ತಾರ್ರಿ. ಇವ್ರು ನಮ್ಮಪ್ಪಗ ಎತ್ಕೊಂಡ್ ಹೋದ್ರು. ಬಿಡಿಸ್ಕೊಳ್ಳಾಕ ನಾ ಲಗ್ನ ಆದೆ."