ಸ್ವಿಚ್ಚಿಗೆ ಯುಗಾದಿ ಎಣ್ಣೆ

ನಮ್ಮ ಕಾಕಾನಿಗೆ ಇಬ್ಬರು ಹೆಂಡಿರು ಎಂದರೆ ನೀವು ನಂಬಲಿಕ್ಕಿಲ್ಲ. ಒಬ್ಬಳು ನಮ್ಮ ಚಿಗವ್ವ. ಇನ್ನೊಬ್ಬಳು ನರಗುಂದದ ಹತ್ತಿ ಗಿರಣಿಯ ಗೋಡೆ ಮೇಲಿದ್ದ ಮುದಿ ಸ್ವಿಚ್ಚು! ನಾನು ಅಲ್ಲಿ ಹತ್ತಿಯ ತೂಕ ಬರೆಯುತ್ತಿದ್ದ ಐವತ್ತರ ದಶಕದ ಮಾತಿದು. ಮೋಟಾರಿನ ಮೇಲೆ ಹೊರೆ ಹೆಚ್ಚಾದರೆ ತಾನಾಗಿ ಕೆಳಗೆ ಬಿದ್ದು ಕರೆಂಟು ಕಡಿಯುವುದಷ್ಟೇ ಆ ಸ್ವಿಚ್ಚಿನ ಕೆಲಸ. ಅದು ಬೀಳದಿದ್ದರೆ ಮೋಟಾರು ಸುಟ್ಟು ಪಕ್ಕದ ಹತ್ತಿ ರಾಶಿಗೆ ಬೆಂಕಿ. ಆ ರಾಶಿಯ ಮುಂದೆ ಕುಳಿತು ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದವಳು ಚಿಗವ್ವ.

ಗಿರಣಿಯೊಳಗೆ ಗಾಳಿಗಿಂತ ಹತ್ತಿಯ ಧೂಳೇ ಹೆಚ್ಚು. ಮೋಟಾರು ನೋಡಿಕೊಳ್ಳುತ್ತಿದ್ದ ಕಾಕಾ ಯಂತ್ರ ನಿಂತಾಗಲೆಲ್ಲ ಕೋಳಿಪುಕ್ಕ ಹಿಡಿದು ಸ್ವಿಚ್ಚಿನ ಸಂದುಸಂದಿನ ಧೂಳು ತೆಗೆಯುತ್ತಿದ್ದ. ಅದರೆದುರು ಬೀಡಿ ಸೇದುವಂತಿಲ್ಲ, ಕಸ ಗುಡಿಸುವಂತಿಲ್ಲ. ಒಮ್ಮೆ ನಾನು ಸೀನಿದ್ದಕ್ಕೆ, "ಹೊರಗ ಹೋಗಿ ಸೀನಪಾ, ಅದಕ್ಕ ವಯಸ್ಸಾಗೇತಿ" ಎಂದ. ಊಟಕ್ಕೆ ಕುಳಿತರೂ ಅದರದೇ ಕ್ಷೇಮಸಮಾಚಾರ. ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ಕೊನೆಗೆ ಚಿಗವ್ವನ ಗಜೇಂದ್ರಗಡದ ಸೀರೆಯನ್ನೇ ಒಯ್ದು ಅದಕ್ಕೆ ಪರದೆ ಕಟ್ಟಿದ.

"ಕುಬಸಾನೂ ಹೊಲಿಸಿ ತೊಡಸ್ರಿ" ಎಂದಳು ಚಿಗವ್ವ.

"ಅದಕ್ಕ ಒಂದ ತೋಳ ಐತಿ" ಎಂದ ಕಾಕಾ, ಅದರ ಹಿಡಿಕೆ ತೋರಿಸಿ.

ಯುಗಾದಿ ಅಮವಾಸ್ಯೆ ಬಂತು. ಗಿರಣಿಯ ಯಂತ್ರಗಳಿಗೆಲ್ಲ ಪೂಜೆ. ಕಾಕಾ ರೋಣದಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದ. ಹಬ್ಬಕ್ಕೆ ಉಡಬೇಕೆಂದು ಚಿಗವ್ವ ಪರದೆಯ ಸೀರೆ ಬಿಚ್ಚಿಕೊಂಡಳು. ಬರಿಮೈಯಲ್ಲಿ ನಿಂತ ಸ್ವಿಚ್ಚನ್ನು ಕಂಡು ಕನಿಕರ ಬಂತೋ ಏನೋ, ಮನೆಯ ಹಿರಿಯರಿಗೆ ಹಬ್ಬದ ಎಣ್ಣೆ ಹಚ್ಚುವ ಹಾಗೆ ಅದರ ಕೀಲುಕೀಲಿಗೂ ಕುಸುಬೆಣ್ಣೆ ತಿಕ್ಕಿದಳು. ಸವತಿಗೆ ಇಷ್ಟು ಉಪಚಾರ ಯಾರು ಮಾಡುತ್ತಾರೆ?

ಹಬ್ಬ ಮುಗಿದು ಗಿರಣಿ ಸುರುವಾಯಿತು. ಎಣ್ಣೆಗೆ ಧೂಳು ಮೆತ್ತಿ ಕೀಲು ಬಿಗಿದುಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಯಂತ್ರದಲ್ಲಿ ಹತ್ತಿ ಸಿಕ್ಕಿಬಿದ್ದು ಮೋಟಾರು ನರಳಿತು. ಸ್ವಿಚ್ಚು ಬೀಳಲಿಲ್ಲ. ಹೊಗೆ ಎದ್ದಿತು. ಆಗಷ್ಟೇ ಊರಿಂದ ಬಂದ ಕಾಕಾ ಕೈಗಂಟು ಎಸೆದು ಓಡಿ, ಕಾದ ಹಿಡಿಕೆಯನ್ನು ಬರಿಗೈಯಿಂದ ಎಳೆದು ಕೆಡವಿದ. ಅಂಗೈ ತುಂಬ ಬೊಬ್ಬೆ ಎದ್ದವು.

"ಎಣ್ಣಿ ಹಚ್ಚಿದವ್ರು ಯಾರು? ಇವತ್ತ ಮನಿಗೆ ಕಳಸ್ತೀನಿ" ಎಂದರು ಗಿರಣಿ ಮಾಲಕರು, ಕೀಲಿನ ಜಿಡ್ಡು ಮುಟ್ಟಿ ನೋಡಿ.

ಚಿಗವ್ವ ಎದ್ದು ನಿಂತಳು. ಕಾಕಾ ಅವಳತ್ತ ನೋಡಲೇ ಇಲ್ಲ.

"ಊರಿಗೆ ಹೋಗೂ ಮುಂದ ನಾನ ಹಚ್ಚಿದ್ದೆರಿ. ಮುದುಕ ಆಗೇನಿ, ತಿಳೀಲಿಲ್ಲ" ಎಂದ.

ಕೆಲಸ ಅಂದೇ ಹೋಯಿತು. ಆತನಿಗೆ ಹೆಂಡತಿ ಒಬ್ಬಳೇ ಎಂದು ನನಗೆ ಆಗ ತಿಳಿಯಿತು.

ಮರುದಿನ ಚಿಗವ್ವ ಗಿರಣಿಗೆ ಹೊರಟಾಗ, ಬಟ್ಟೆ ಸುತ್ತಿದ ಕೈಯಿಂದ ಕಾಕಾ ಪುಕ್ಕ ಕೊಟ್ಟ.

"ಮೊದಲ ಅದನ್ನ ಒರಸು. ಆಮ್ಯಾಲ ಕುಂದ್ರು."

ಅವಳ ಕಂಕುಳಲ್ಲಿ ಹಬ್ಬದ ಸೀರೆ ಮತ್ತೆ ಪರದೆಯಾಗಲು ಆಗಲೇ ಮಡಿಕೆಯಾಗಿ ಕುಳಿತಿತ್ತು.